ಮನೆಗೆ ಹೇಳುವ ಬೆಲೆ ಹೆಚ್ಚೋ ಸರಿಯೋ: ನಾವು ಹಾಕಿ ನೋಡಿದ ಲೆಕ್ಕಗಳು

ಯುಗಾದಿ ಹೊತ್ತಿಗೆ ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ ಒಂದು ಮನೆ ನೋಡಿದೆವು. 30x40 ಸೈಟು, ಪೂರ್ವದ ಬಾಗಿಲು, ಕೆಳಗೂ ಮೇಲೂ ಸೇರಿ 18 ಚದರ (ಒಂದು ಚದರವೆಂದರೆ 100 ಚದರ ಅಡಿ), ಕಟ್ಟಿ 20 ವರ್ಷ. ಬೆಲೆ 1 ಕೋಟಿ 35 ಲಕ್ಷ ಎಂದರು. ಮನೆ ಮನಸ್ಸಿಗೆ ಹಿಡಿಸಿತ್ತು, ಭಯವೂ ಅದೇ ಆಗಿತ್ತು. ಹಾಗಾಗಿ ಅದೊಂದೇ ಮನೆಗೆ ಬೇರೆ ಬೇರೆ ಲೆಕ್ಕ ಹಾಕಿ ನೋಡಿದೆವು.

ಮೊದಲು ಆನ್‌ಲೈನ್ ಜಾಹೀರಾತು. ಇದು ಏನೂ ಪ್ರಯೋಜನಕ್ಕೆ ಬರಲಿಲ್ಲ. ಅಲ್ಲಿರುವುದೆಲ್ಲ ಮಾರುವವರು ಕೇಳುವ ಬೆಲೆ, ಕೊಂಡವರು ಕೊಟ್ಟದ್ದಲ್ಲ. ಇದೇ ಮನೆಯನ್ನು ಮೂವರು ಬ್ರೋಕರ್‌ಗಳು ಮೂರು ಬೆಲೆಗೆ ಹಾಕಿದ್ದರು! ಉಪಯೋಗಕ್ಕೆ ಬಂದದ್ದು ಒಂದೇ: ಜಾಹೀರಾತು ಹಾಕಿ ಎಂಟು ತಿಂಗಳಾಗಿತ್ತು ಎಂಬುದು ಗೊತ್ತಾಯಿತು.

ಬಾಡಿಗೆ ಲೆಕ್ಕವನ್ನೂ ಹಾಕಿದೆವು. ಮೇಲಿನ ಮನೆಗೆ 15 ಸಾವಿರ ಬರುತ್ತದೆ ಎಂದಿದ್ದರು ಮಾಲೀಕರು. ಮೆಟ್ಟಿಲ ಮೇಲೆ ಸಿಕ್ಕ ಬಾಡಿಗೆಯವರನ್ನು ಕೇಳಿದರೆ 11 ಸಾವಿರ. ಕೆಳಗಿನದಕ್ಕೆ ಹೆಚ್ಚೆಂದರೆ 15. ಅಲ್ಲಿಗೆ ವರ್ಷಕ್ಕೆ 3 ಲಕ್ಷ 12 ಸಾವಿರ, ಅಂದರೆ ಕೇಳಿದ ಬೆಲೆಗೆ ಶೇ 2.3. ನಾವೇ ಇರಲು ಕೊಳ್ಳುವಾಗ ಇದರ ಮೇಲೆ ತೀರ್ಮಾನ ಮಾಡಲಾಗದು, ಆದರೆ ಮಾಲೀಕರ ಮಾತನ್ನು ಎಷ್ಟು ನಂಬಬೇಕೆಂದು ತಿಳಿಯಿತು.

ಮೂರನೆಯದು ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆ. ಮಾರ್ಗಸೂಚಿ ದರ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಅದು ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಇಟ್ಟುಕೊಂಡ ದರ, ಪೇಟೆ ಬೆಲೆಯಲ್ಲ. ಹೆಚ್ಚು ತಿಳಿಸಿದ್ದು ಅದೇ ಬೀದಿಯ ಮೂರು ಮನೆಗಳ ಇ.ಸಿ., ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ. ಇಲ್ಲೊಂದು ತೊಡಕಿದೆ. ಅರ್ಧ ಹಣ ನಗದಾಗಿ ಕೈ ಬದಲಾಗಿದ್ದರೆ ಇ.ಸಿ.ಯಲ್ಲಿ ಕಾಣುವ ಮೊತ್ತ ಸುಳ್ಳು. ಅದಕ್ಕೆ ನಾನು ನೋಡಿದ್ದು ಕ್ರಯಪತ್ರದ ಬೆನ್ನಲ್ಲೇ ಬ್ಯಾಂಕಿನ ಅಡಮಾನ ನಮೂದಾಗಿರುವ ವ್ಯವಹಾರವನ್ನು. ಸಾಲ ಮಾಡಿ ಕೊಂಡವರು ಬೆಲೆಯನ್ನು ತೀರಾ ಇಳಿಸಿ ಬರೆಸಲಾರರು, ಸಾಲವೇ ಕಡಿಮೆಯಾಗಿಬಿಡುತ್ತದೆ. ಅಂಥದ್ದು ಒಂದು ಸಿಕ್ಕಿತು: ಎರಡು ವರ್ಷದ ಹಿಂದೆ, ಇದೇ ಅಳತೆಯ ಮನೆ, 88 ಲಕ್ಷ.

ಆಮೇಲೆ ಕಾಗದ ಪೆನ್ನು ಹಿಡಿದು ಕೂತೆ. ಪಕ್ಕದ ಕ್ರಾಸಿನಲ್ಲಿ ಖಾಲಿ ಸೈಟು ಅಡಿಗೆ 5,500ರಂತೆ ಹೋಗಿತ್ತು. 1,200 ಅಡಿಗೆ 66 ಲಕ್ಷ. ಇವತ್ತು ಕಟ್ಟಿಸಿದರೆ ಚದರಕ್ಕೆ 2 ಲಕ್ಷ 20 ಸಾವಿರ ಎಂದು ಮೇಸ್ತ್ರಿ ಹೇಳಿದರು. 18 ಚದರಕ್ಕೆ 39 ಲಕ್ಷ 60 ಸಾವಿರ. ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ 10 ಎಂದಿಟ್ಟುಕೊಂಡರೆ 20 ವರ್ಷಕ್ಕೆ ಶೇ 30 ಕಳೆಯಬೇಕು. ಉಳಿದದ್ದು 27 ಲಕ್ಷ 70 ಸಾವಿರ. ಎರಡೂ ಸೇರಿ 94 ಲಕ್ಷದ ಹತ್ತಿರ. ಮಾಲೀಕರು ಹಳೆಯ ಗೋಡೆಗೂ ಹೊಸ ಗೋಡೆಯ ದುಡ್ಡು ಕೇಳುತ್ತಿದ್ದರು. "ಅಡುಗೆಮನೆಗೇ 6 ಲಕ್ಷ ಹಾಕಿದೀನಿ ಸಾರ್" ಅಂದರು. ಹಾಕಿರಬಹುದು. ಅವರ ಆಸೆಗೆ ಹಾಕಿದ್ದನ್ನೆಲ್ಲ ನಾನೇಕೆ ಕೊಡಲಿ?

ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸಿದ್ದು ಬ್ಯಾಂಕಿನ ಮೌಲ್ಯಮಾಪನ. ಸಾಲಕ್ಕೆ ಅರ್ಜಿ ಹಾಕಿದ ಮೇಲೆ ಒಬ್ಬ ಎಂಜಿನಿಯರ್ ಬಂದರು. ಗ್ರಾನೈಟ್ ಕಡೆ ತಿರುಗಿಯೂ ನೋಡಲಿಲ್ಲ. ಮಂಜೂರಾದ ನಕ್ಷೆಯನ್ನು ನೀರಿನ ಸಂಪಿನ ಮುಚ್ಚಳದ ಮೇಲೆ ಹರಡಿ, ಟೇಪು ಹಿಡಿದು ಒಂದೊಂದೇ ಕೋಣೆ ಅಳೆದರು. ಮೇಲಿನ ಹಿಂದಿನ ಕೋಣೆಗೆ ಬಂದಾಗ ಪೆನ್ಸಿಲ್ ನಿಂತಿತು. "ಇದು ನಕ್ಷೆಯಲ್ಲೇ ಇಲ್ಲ. ಇದಕ್ಕೆ ನಾವು ಬೆಲೆ ಕಟ್ಟಲ್ಲ" ಅಂದರು. ಎರಡು ಚದರ ಹಾಗೇ ಬಿಟ್ಟುಹೋಯಿತು. ಅವರ ವರದಿ 90 ಲಕ್ಷ 50 ಸಾವಿರ ಎಂದಿತು. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಮಿತಿ ಆಸ್ತಿ ಬೆಲೆಯ ಶೇ 80, ಅಂದರೆ ನಮಗೆ ಸಿಗುವುದು ಹೆಚ್ಚೆಂದರೆ 72 ಲಕ್ಷ. ಉಳಿದ 63 ಲಕ್ಷ ಕೈಯಿಂದ, ನೋಂದಣಿ ಖರ್ಚು ಬೇರೆ.

ಇನ್ನೊಮ್ಮೆ ಮನೆ ನೋಡುವುದಾದರೆ ನಾನು ಇ.ಸಿ.ಯಿಂದ ಶುರು ಮಾಡಿ, ಸೈಟು-ಕಟ್ಟಡದ ಲೆಕ್ಕ ಹಾಕಿ, ಅದು ಹೊಂದಿದರೆ ಮಾತ್ರ ಬ್ಯಾಂಕಿಗೆ ಹೋಗುತ್ತೇನೆ. ಮೌಲ್ಯಮಾಪನದ ಶುಲ್ಕ ಕಟ್ಟುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ನಾವು 95 ಲಕ್ಷಕ್ಕೆ ಕೇಳಿದೆವು, ಅವರು ಒಪ್ಪಲಿಲ್ಲ. ದಸರಾ ಮುಗಿದ ಮೇಲೆ ಆ ಬೀದಿಯಲ್ಲಿ ಹೋದಾಗ ಗೇಟಿನ ಮೇಲೆ ಬೋರ್ಡು ಹಾಗೇ ಇತ್ತು.