ಕೆತ್ತನೆ ಇದ್ದಲ್ಲಿ ಮಾತ್ರ ಮೆರೆಯುವ ಬಣ್ಣ: ಸಿಟಡೆಲ್ ಕಾಂಟ್ರಾಸ್ಟ್ ಬಳಸಿದ ಅನುಭವ

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಮನೆಯಲ್ಲಿ ಕುಳಿತು ವಾರ್‌ಹ್ಯಾಮರ್ ಆಟದ ಪುಟ್ಟ ಗೊಂಬೆಗಳಾದ ಹತ್ತು ಆರ್ಕ್ (ಹಸಿರು ಚರ್ಮದ ರಾಕ್ಷಸ) ಯೋಧರ ಒಂದು ತಂಡಕ್ಕೆ ಆರಂಭದಿಂದ ಕೊನೆಯವರೆಗೆ ಸಿಟಡೆಲ್‌ನ ಕಾಂಟ್ರಾಸ್ಟ್ ಬಣ್ಣಗಳನ್ನೇ ಹಚ್ಚಿದೆ. ಒಂದೇ ಲೇಪದಲ್ಲಿ ಮೂಲಬಣ್ಣವೂ ನೆರಳೂ ಮೂಡುತ್ತವೆ ಎಂಬುದು ಈ ಬಣ್ಣಗಳ ಹೆಗ್ಗಳಿಕೆ. ಆ ಮಾತು ನಿಜ. ಆದರೆ ಬಣ್ಣ ಹಚ್ಚಿದ ಮೇಲೆ ಉಳಿಯುವ ಶ್ರಮವನ್ನು ಬಣ್ಣ ಹಚ್ಚುವುದಕ್ಕೆ ಮೊದಲೇ ಮುಗಿಸಿಟ್ಟವರಿಗೆ ಮಾತ್ರ ಅದು ನಿಜ ಎಂಬುದು ನನಗೆ ಹತ್ತನೆಯ ಆರ್ಕ್ ಮುಗಿಯುವ ಹೊತ್ತಿಗೆ ಖಚಿತವಾಯಿತು.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಗೇಮ್ಸ್ ವರ್ಕ್‌ಶಾಪ್ 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಈಗ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಸಂಸ್ಥೆ. ಮಾಂತ್ರಿಕ ಲೋಕದ ವಾರ್‌ಹ್ಯಾಮರ್ ಆಟವನ್ನು 1983ರಲ್ಲಿ, ದೂರ ಭವಿಷ್ಯದ ಯುದ್ಧಗಳ ವಾರ್‌ಹ್ಯಾಮರ್ 40,000 ಆಟವನ್ನು 1987ರಲ್ಲಿ ಹೊರತಂದದ್ದು ಇದೇ ಸಂಸ್ಥೆ. ಸಿಟಡೆಲ್ ಎಂಬುದು ಅದರ ಗೊಂಬೆಗಳ ಮತ್ತು ಬಣ್ಣಗಳ ಹೆಸರು. ಹಳೆಯ ಕ್ರಮದಲ್ಲಿ ಒಂದು ಗೊಂಬೆಗೆ ಮೊದಲು ದಟ್ಟವಾದ ಮೂಲಬಣ್ಣ ಹಚ್ಚಿ, ಅದರ ಮೇಲೆ ವಾಷ್ ಎಂಬ ನೀರಿನಂಥ ತೆಳುಬಣ್ಣ ಹರಿಸಿ ತಗ್ಗುಗಳಿಗೆ ನೆರಳು ಕೊಟ್ಟು, ಮತ್ತೆ ಮೂಲಬಣ್ಣದಿಂದ ಉಬ್ಬುಗಳನ್ನು ತಿದ್ದಿ, ಕೊನೆಗೆ ಅಂಚುಗಳಿಗೆ ತಿಳಿಬಣ್ಣದ ಗೆರೆ ಎಳೆಯಬೇಕು. 2019ರಲ್ಲಿ ಬಂದ ಕಾಂಟ್ರಾಸ್ಟ್ ಈ ಮೆಟ್ಟಿಲುಗಳಲ್ಲಿ ಮೊದಲಿನವುಗಳನ್ನು ಒಟ್ಟುಗೂಡಿಸಿತು. ಬಣ್ಣ ಪಾರದರ್ಶಕ, ಅದನ್ನು ಹೊತ್ತಿರುವ ಮಾಧ್ಯಮ ಮಂದ. ಉಬ್ಬಿದ ಅಂಚಿನಿಂದ ಅದು ಜಾರಿ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಅಂಚಿನಲ್ಲಿ ಅಡಿಯ ತಿಳಿಬಣ್ಣ ಇಣುಕುತ್ತದೆ, ತಗ್ಗಿನಲ್ಲಿ ಗಾಢವಾಗುತ್ತದೆ.

ನನ್ನ ತಂಡದ ನಾಯಕನಿಗೆ ಪೆಟ್ಟಿಗೆಯಲ್ಲಿ ಬಂದ ಕಬ್ಬಿಣದ ಟೋಪಿ ಬೇಡವೆನ್ನಿಸಿ, ಅದನ್ನು ಕತ್ತರಿಸಿ ತೆಗೆದು ತಲೆಗೊಂದು ಮುಂಡಾಸು ಸುತ್ತಿದೆ. ಹಳದಿ ಮತ್ತು ನೀಲಿ ಪಟ್ಟಿಗಳನ್ನು ನಾದಿದಾಗ ಹಸಿರಾಗುವ ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿಯನ್ನು ದಾರದಷ್ಟು ಸಪೂರವಾಗಿ ಹೊಸೆದು, ಒಂದರ ಮೇಲೊಂದು ಸುತ್ತಿ, ಒದ್ದೆ ಮಾಡಿದ ಸೂಜಿಯ ಬೆನ್ನಿನಿಂದ ನೆರಿಗೆಗಳನ್ನು ಒತ್ತಿದೆ. (ಕೊಳಾಯಿ ಸೋರಿಕೆಗೆ ಬಳಸುವ ಎಂ-ಸೀಲ್ ಕೂಡ ಈ ಕೆಲಸಕ್ಕೆ ಆಗುತ್ತದೆ, ಒಣಗಿದ ಮೇಲೆ ಉಜ್ಜಿ ನಯಗೊಳಿಸಲು ಅದೇ ಲೇಸು, ಆದರೆ ಬಟ್ಟೆಯ ನೆರಿಗೆಗೆ ಬೇಕಾದ ಎಳೆತ ಅದರಲ್ಲಿಲ್ಲ.) ಮರುದಿನ ಆ ಮುಂಡಾಸಿನ ಮೇಲೆ ಬ್ಲಡ್ ಏಂಜಲ್ಸ್ ರೆಡ್ ಹಚ್ಚಿ ಕುಂಚ ಎತ್ತಿದೆ. ಕಣ್ಣೆದುರೇ ಕೆಂಪು ಪ್ರತಿ ನೆರಿಗೆಯ ಸಂದಿಗೂ ಇಳಿದು ಕಡುಗೆಂಪಾಯಿತು, ನೆರಿಗೆಯ ಬೆನ್ನು ಕುಂಕುಮದ ಬಣ್ಣದಲ್ಲಿ ಉಳಿಯಿತು. ಅಂಥ ಮುಂಡಾಸಿಗೆ ನೆರಳು ತುಂಬಲು ಮೊದಲು ನನಗೆ ಒಂದು ಸಂಜೆ ಹಿಡಿಯುತ್ತಿತ್ತು. ಜೊತೆಗೆ ಅದೇ ಕೆಂಪು ಒಂದು ತಪ್ಪನ್ನೂ ಎತ್ತಿ ತೋರಿಸಿತು: ಆರ್ಕ್‌ನ ತೋಳಿನ ಮೇಲೆ ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆಯನ್ನು ನಾನು ಹೆರೆದಿರಲಿಲ್ಲ. ಮುಂಡಾಸಿನಿಂದ ಇಳಿಬಿಟ್ಟ ಸೆರಗು ತೋಳಿಗೆ ತಾಗುವ ಕಡೆ ಕೆಂಪು ಆ ಗೆರೆಯ ಎರಡೂ ಬದಿಗೆ ನಿಂತು ಗಾಯದ ಕಲೆಯಂತೆ ಕಂಡಿತು. ದಟ್ಟ ಬಣ್ಣ ಇಂಥದ್ದನ್ನು ಒಂದಿಷ್ಟು ಮುಚ್ಚುತ್ತದೆ, ಈ ಬಣ್ಣ ಮುಚ್ಚುವುದಿಲ್ಲ.

ಅಡಿಲೇಪದ (ಪ್ರೈಮರ್) ವಿಷಯವೂ ಹಾಗೆಯೇ. ಕಾಂಟ್ರಾಸ್ಟ್‌ಗೆಂದೇ ತಂದ ರೇತ್‌ಬೋನ್ ಮತ್ತು ಗ್ರೇ ಸೀಯರ್ ಎಂಬ ಎರಡು ಸ್ಪ್ರೇಗಳಿವೆ. ಮೊದಲನೆಯದು ಬೆಚ್ಚನೆಯ ದಂತದ ಬಣ್ಣ, ಎರಡನೆಯದು ತಣ್ಣನೆಯ ಬೂದು. ಇವುಗಳ ಮೇಲ್ಮೈ ಸಾಮಾನ್ಯ ಪ್ರೈಮರಿಗಿಂತ ನಯವಾಗಿರುವುದರಿಂದ ಬಣ್ಣ ಸರಾಗವಾಗಿ ಹರಿಯುತ್ತದೆ. ಆದರೆ ಕರಾವಳಿಯ ಜುಲೈ ತಿಂಗಳಲ್ಲಿ ಸ್ಪ್ರೇ ಹೊಡೆಯುವುದು ಅಪಾಯ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಯಾವ ಕಂಪನಿಯ ಸ್ಪ್ರೇ ಆದರೂ ಹಿಟ್ಟು ಉದುರಿಸಿದಂತೆ ತರಿತರಿಯಾಗಿ ಕೂರಬಹುದು, ಆ ತರಿಯೊಳಗೆಲ್ಲ ಕಾಂಟ್ರಾಸ್ಟ್ ಇಂಗಿ ಗೊಂಬೆಯೇ ಕೊಳೆ ಹಿಡಿದಂತೆ ಕಾಣುತ್ತದೆ. ಅದೃಷ್ಟವಶಾತ್ ಈ ಎರಡೂ ಬಣ್ಣಗಳು ಕುಂಚದಿಂದ ಹಚ್ಚುವ ಡಬ್ಬಿಯಲ್ಲೂ ಸಿಗುತ್ತವೆ. ನಾನು ಮೊದಲು ಕುಂಚದಿಂದಲೇ ಪ್ರೈಮರ್ ಹಚ್ಚಿ, ಅದರ ಮೇಲೆ ರೇತ್‌ಬೋನ್ ಅನ್ನು ನೀರು ಬೆರೆಸಿ ತೆಳ್ಳಗೆ ಎರಡು ಸಲ ಕೊಟ್ಟೆ. ಸ್ಪ್ರೇಯಷ್ಟು ನಯ ಬರಲಿಲ್ಲ, ಆದರೂ ಆರ್ಕ್‌ನ ಒರಟು ಚರ್ಮಕ್ಕೆ ಅದರಿಂದ ಕುಂದೇನೂ ಆಗಲಿಲ್ಲ.

ಹಚ್ಚುವ ರೀತಿಯಲ್ಲಿ ಒಂದು ಶಿಸ್ತು ಬೇಕು. ಕುಂಚದ ತುಂಬ ಬಣ್ಣ ತೆಗೆದುಕೊಂಡು ಒಂದು ಭಾಗವನ್ನು, ತೋಳನ್ನೋ ಚಡ್ಡಿಯನ್ನೋ, ನಡುವೆ ನಿಲ್ಲಿಸದೆ ಮುಗಿಸಬೇಕು. ಎಲ್ಲಾದರೂ ಬಣ್ಣ ಕೆರೆಯಂತೆ ನಿಂತರೆ ತಕ್ಷಣ ಒದ್ದೆಯಾದ ಚೊಕ್ಕ ಕುಂಚದಿಂದ ಹೀರಿ ತೆಗೆಯಬೇಕು. ಅರ್ಧ ಒಣಗಿದ ಬಣ್ಣವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು, ಮುಟ್ಟಿದರೆ ಸಿಪ್ಪೆ ಎದ್ದಂತೆ ಹರಿದು ಕಲೆಯಾಗುತ್ತದೆ. ಅರ್ಧ ಗಂಟೆಯಲ್ಲಿ ಒಣಗಬೇಕಾದದ್ದು ಮಳೆ ಹಿಡಿದ ದಿನಗಳಲ್ಲಿ ನನಗೆ ಎರಡು ಗಂಟೆ ತೆಗೆದುಕೊಂಡಿತು. ಹಾಗಾಗಿ ಹತ್ತೂ ಆರ್ಕ್‌ಗಳನ್ನು ಸಾಲಾಗಿ ನಿಲ್ಲಿಸಿ ಮೊದಲು ಎಲ್ಲರ ಚರ್ಮ, ಆಮೇಲೆ ಎಲ್ಲರ ತೊಗಲು ಪಟ್ಟಿ, ಆಮೇಲೆ ಹಲ್ಲು ಎಂದು ಸುತ್ತು ಹಾಕಿದೆ. ಚರ್ಮಕ್ಕೆ ಆರ್ಕ್ ಫ್ಲೆಶ್, ತೊಗಲಿಗೆ ಸ್ನೇಕ್‌ಬೈಟ್ ಲೆದರ್, ಹಲ್ಲು ಮತ್ತು ಮೂಳೆಗೆ ಸ್ಕೆಲಿಟನ್ ಹೋರ್ಡ್. ಈ ಮೂರರಲ್ಲಿ ಸ್ಕೆಲಿಟನ್ ಹೋರ್ಡ್‌ಗೆ ಸಾಟಿಯಿಲ್ಲ. ಹಲ್ಲಿನ ಬುಡದಲ್ಲಿ ಅದು ಕೊಡುವ ಹಳದಿಗಂದು ಬಣ್ಣವನ್ನು ಬೆರಕೆ ಮಾಡಿ ತರಲು ನನಗೆ ಇವತ್ತಿಗೂ ಆಗಿಲ್ಲ.

ಸಪಾಟಾದ ಮೇಲ್ಮೈಗೆ ಮಾತ್ರ ನಾನು ಇದನ್ನು ಶಿಫಾರಸು ಮಾಡಲಾರೆ. ಟ್ಯಾಂಕಿನ ಬದಿ, ಸ್ಪೇಸ್ ಮರೀನ್ ಯೋಧನ ಭುಜಕವಚ ಮುಂತಾದ ಕಡೆ ಹರಿದು ಸೇರಲು ತಗ್ಗಿಲ್ಲದ ಬಣ್ಣ ತನ್ನಿಚ್ಛೆಯಂತೆ ನಿಂತು, ಮಳೆನೀರು ಇಳಿದ ಗೋಡೆಯ ಹಾಗೆ ಕಾಣುತ್ತದೆ. ಇದು ದೋಷವಲ್ಲ, ಪಾರದರ್ಶಕ ಬಣ್ಣದ ಸ್ವಭಾವ. ಅಲ್ಲಿ ಹಳೆಯ ಕ್ರಮವೇ ಸರಿ.

ಡಬ್ಬಿಯಲ್ಲಿ 18 ಮಿ.ಲೀ. ಇರುತ್ತದೆ, ಸಿಟಡೆಲ್‌ನ ಸಾಮಾನ್ಯ ಬಣ್ಣಗಳಲ್ಲಿ 12. ಆಮದಿನ ಸರಕಾದ್ದರಿಂದ ಇಲ್ಲಿ ಬೆಲೆ ಅಗ್ಗವೇನಲ್ಲ. ಆದ್ದರಿಂದ ಇಡೀ ಸಾಲನ್ನು ಕೊಳ್ಳುವ ಬದಲು ನಾಲ್ಕೈದು ಡಬ್ಬಿಗಳ ಜೊತೆ ಕಾಂಟ್ರಾಸ್ಟ್ ಮೀಡಿಯಂ ಎಂಬ ಬಣ್ಣವಿಲ್ಲದ ದ್ರವದ ಒಂದು ಡಬ್ಬಿ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಗಾಢ ಬಣ್ಣವನ್ನು ತಿಳಿ ಮಾಡಲು ನೀರು ಹೆಚ್ಚು ಬೆರೆಸಿದರೆ ಅದರ ಕಟ್ಟು ಸಡಿಲವಾಗಿ ಅಂಚುಗಳಲ್ಲಿ ಉಂಗುರ ಮೂಡುತ್ತದೆ, ಮೀಡಿಯಂ ಬೆರೆಸಿದರೆ ಹರಿವು ಕೆಡುವುದಿಲ್ಲ. ಮುಚ್ಚಳ ತೆರೆಯುವ ಡಬ್ಬಿಯ ಬದಲು ಡೆನ್ಮಾರ್ಕಿನ ಆರ್ಮಿ ಪೇಂಟರ್ ಅಥವಾ ಸ್ಪೇನಿನ ವಯೇಹೊ ಬಣ್ಣಗಳಂತೆ ಹನಿ ಹಾಕುವ ಸೀಸೆಯಲ್ಲಿ ಬಂದಿದ್ದರೆ ಈ ಬೆರಕೆಯ ಅಳತೆ ಇನ್ನಷ್ಟು ಸುಲಭವಾಗುತ್ತಿತ್ತು.

ಆಟದಲ್ಲಿ ಕೈಯಾಡುವ ಗೊಂಬೆಗಳಿಗೆ ವಾರ್ನಿಷ್ ತಪ್ಪಿಸುವ ಹಾಗಿಲ್ಲ, ಏಕೆಂದರೆ ಅಂಚುಗಳಲ್ಲಿ ಈ ಬಣ್ಣದ ಪದರ ತೀರಾ ತೆಳು, ಬೆರಳಿನ ಉಜ್ಜಿಗೆ ಮೊದಲು ಹೋಗುವುದೂ ಅದೇ. ನಾನು ಮ್ಯಾಟ್ ವಾರ್ನಿಷ್ ಅನ್ನೂ ಕುಂಚದಿಂದಲೇ ಹಚ್ಚಿದೆ, ಅದೂ ಬಣ್ಣ ಒಂದು ಇಡೀ ದಿನ ಒಣಗಿದ ಮೇಲೆ. ನಾಯಕನ ತೋಳಿನ ಆ ಗೆರೆಯನ್ನು ಹೆರೆದು, ಮತ್ತೆ ರೇತ್‌ಬೋನ್ ಕೊಟ್ಟು, ತೋಳಿಗೆ ಹೊಸದಾಗಿ ಹಸಿರು ಹಚ್ಚಿದ್ದೇನೆ; ಅವನ ವಾರ್ನಿಷ್ ಮಾತ್ರ ಇನ್ನೂ ಬಾಕಿಯಿದೆ.