ಮಕ್ಕಳ ಆಟಿಕೆಗೆ "ಹಾಸ್ಪಿಟಲ್ ಗ್ರೇಡ್ ಸ್ಯಾನಿಟೈಸೇಶನ್" ಅಂತ ದುಡ್ಡು ಕೊಡೋಕೆ ಮುಂಚೆ ಇದನ್ನ ಓದಿ

ಬೆಂಗಳೂರಲ್ಲಿ ಚಿಕ್ಕ ಮಕ್ಕಳಿರೋರು ದಯವಿಟ್ಟು ಪೂರ್ತಿ ಓದಿ. ಮನೆಗೇ ಬಂದು ಆಟಿಕೆ ಸ್ಯಾನಿಟೈಸ್ ಮಾಡಿಕೊಡ್ತೀವಿ, 99.9% ವೈರಸ್ ಫ್ರೀ, ಸರ್ಟಿಫಿಕೇಟ್ ಸಮೇತ ಅಂತ ಮೆಸೇಜು ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಓಡಾಡ್ತಾ ಇದೆ. ಕಂಪನಿ ಹೆಸರು ಇಲ್ಲಿ ಹಾಕಲ್ಲ. ಆದ್ರೆ ಅವರು ಮಾಡೋ ಕೆಲಸ ಏನು ಅಂತ ಎಲ್ಲರಿಗೂ ಗೊತ್ತಾಗ್ಲೇಬೇಕು.

ನಮ್ಮ ದೊಡ್ಡವನು ಯುಕೆಜಿ. ಕ್ಲಾಸಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕೈ ಕಾಲು ಬಾಯಿ ರೋಗ, ಎಚ್‌ಎಫ್‌ಎಂಡಿ ಅಂತಾರಲ್ಲ ಅದು, ಇವನಿಗೂ ಬಂತು. 2022ರಲ್ಲಿ ಕೊಲ್ಲಂ ಕಡೆ ಟೊಮ್ಯಾಟೊ ಜ್ವರ ಅಂತ ಟಿವಿಲಿ ಹೆದರಿಸ್ತಿದ್ರಲ್ಲ, ಆಗ ಕೆಲವು ಮಕ್ಕಳನ್ನ ಟೆಸ್ಟ್ ಮಾಡಿದಾಗ ಸಿಕ್ಕಿದ್ದೂ ಇದೇ ರೋಗದ ಕಾಕ್ಸಾಕಿ ವೈರಸ್ಸೇ. ಬಾಯೊಳಗೆಲ್ಲ ಹುಣ್ಣು, ಅನ್ನ ಬಿಡಿ, ನೀರು ಕುಡಿಯೋಕೂ ಅಳ್ತಿದ್ದ. ಮನೇಲಿ ಇನ್ನೊಂದು ಅಂಬೆಗಾಲಿಡೋ ಮಗು ಇದೆ, ಅವಳಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ಅಣ್ಣ ಚೀಪಿಟ್ಟ ಬ್ಲಾಕ್ಸು, ಕಾರು, ಗಿಲಕಿ ಎಲ್ಲಾ ಒಂದೇ ಬುಟ್ಟೀಲಿ. ಭಯ ಆಗದೆ ಇರುತ್ತಾ?

ಫೋನ್ ಮಾಡಿ ಎಚ್‌ಎಫ್‌ಎಂಡಿ ಅಂತ ಸ್ಪಷ್ಟವಾಗಿ ಹೇಳಿದೆ. "ಅದಕ್ಕೇ ಸ್ಪೆಷಲ್ ಪ್ಯಾಕೇಜ್ ಇದೆ ಮೇಡಂ, ಹಾಸ್ಪಿಟಲ್‌ಗಳಲ್ಲಿ ಯೂಸ್ ಮಾಡೋ ಕೆಮಿಕಲ್ಲೇ, ಫುಲ್ ಹರ್ಬಲ್, ಮಗು ಬಾಯಿಗೆ ಹಾಕಿದ್ರೂ ಏನಾಗಲ್ಲ." ಹಾಸ್ಪಿಟಲ್ ಕೆಮಿಕಲ್ಲೂ ಹೌದು ಹರ್ಬಲ್ಲೂ ಹೌದಂತೆ. ಮನೆಗೆ ಒಂದು ರೇಟು, ಆಟಿಕೆಗೆ ಬೇರೆ ರೇಟು, ಎಲ್ಲಾ ಸೇರಿ 3,800 ರೂಪಾಯಿ, ಮೊದಲೇ ಯುಪಿಐ ಮಾಡಬೇಕು.

ಬಿಳಿ ಸೂಟ್ ಹಾಕ್ಕೊಂಡು ಒಬ್ಬ ಹುಡುಗ ಬಂದ. ಹಾಲಲ್ಲಿ ಬೆಡ್‌ಶೀಟ್ ಹಾಸಿ ಆಟಿಕೆ ಎಲ್ಲಾ ರಾಶಿ ಹಾಕಿ ಅಂದ, ಹಾಕಿದ್ವಿ. ತೊಳೆಯೋದಿಲ್ವಾ ಅಂತ ಕೇಳಿದೆ. "ಬೇಡ ಮೇಡಂ, ಫಾಗಿಂಗ್ ಒಳಗೆಲ್ಲ ಹೋಗುತ್ತೆ." ಜೊಲ್ಲು ಒಣಗಿ ಬಿಳಿ ಕಲೆ ಆಗಿರೋ ಬ್ಲಾಕ್ಸ್ ಕಣ್ಣಿಗೆ ಕಾಣ್ತಿದೆ, ಬಿಸ್ಕತ್ ಅಂಟಿರೋ ಕಾರು ಕಾಣ್ತಿದೆ, ಅದರ ಮೇಲೇ ಹೊಗೆ ಥರ ಬಿಟ್ಟ. ರಾಶಿ ಒಂದ್ಸಲ ತಿರುಗಿಸ್ಲೂ ಇಲ್ಲ. ಕೆಳಗಿರೋವು ಒದ್ದೆ ಕೂಡ ಆಗಿರ್ಲಿಲ್ಲ! ಆಮೇಲೆ ಕೈಯಲ್ಲೊಂದು ಸ್ಪ್ರೇ ಬಾಟಲಿ ಹಿಡಿದು ಮೇಲಿದ್ದ ಮರದ ಆಟಿಕೆಗೆಲ್ಲ ಹೊಡೆದ, ಫೋಟೋ ತೆಗೆದ, ಮನೆಯವರ ಹೆಸರು ತುಂಬಿಸಿ ಸರ್ಟಿಫಿಕೇಟ್ ಕೈಗಿಟ್ಟು ಹೊರಟೇಬಿಟ್ಟ.

ಸಂಜೆ ನೋಡ್ತೀನಿ, ಚನ್ನಪಟ್ಟಣದ ಗಿಲಕಿ ಅಂಟಂಟು. ನಮ್ಮತ್ತೆ ಮಗು ನಾಮಕರಣಕ್ಕೆ ಅಂತ ಚನ್ನಪಟ್ಟಣಕ್ಕೇ ಹೋಗಿ ತಂದಿದ್ದು. ಮಗು ಕೈಯೆಲ್ಲ ಕೆಂಪು, ತುಟಿ ಕೆಂಪು. ಎದೆ ಧಸಕ್ ಅಂತು, ರಕ್ತ ಅಂದ್ಕೊಂಡೆ. ಒರೆಸಿ ನೋಡಿದ್ರೆ ಆಟಿಕೆ ಬಣ್ಣ. ಆ ಆಟಿಕೆಗಳ ಬಣ್ಣ ಅರಗಿನದು, ಹಾಲೆ ಮರದ ತುಂಡನ್ನ ತಿರುಗಿಸ್ತಾ ಬಣ್ಣ ಬೆರೆಸಿದ ಅರಗನ್ನ ಒತ್ತಿ ಹಿಡೀತಾರೆ, ಆ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತೆ. ಅರಗು ನೀರಿಗೆ ಕರಗಲ್ಲ, ಆಲ್ಕೋಹಾಲ್‌ಗೆ ಕರಗುತ್ತೆ. ಪೀಠೋಪಕರಣಕ್ಕೆ ಪಾಲಿಶ್ ಹಾಕೋರು ಅರಗನ್ನ ಸ್ಪಿರಿಟ್‌ನಲ್ಲೇ ಕರಗಿಸ್ತಾರಲ್ಲ, ಅದೇ. ಹುಡುಗ ತೆಗೆದು ಕಳಿಸಿದ್ದ ಫೋಟೋದಲ್ಲಿ ಆ ಸ್ಪ್ರೇ ಬಾಟಲಿನೂ ಬಿದ್ದಿತ್ತು, ಝೂಮ್ ಮಾಡಿ ಲೇಬಲ್ ಓದಿದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್, ಬೆಂಜಾಲ್ಕೋನಿಯಂ ಕ್ಲೋರೈಡ್. ಹರ್ಬಲ್ ಅಂತೆ ಹರ್ಬಲ್! ಆ ಫೋಟೋ ನೋಡ್ತಾ ಕೂತಾಗ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಮಕ್ಕಳ ಡಾಕ್ಟ್ರಿಗೆ ಲೇಬಲ್ ತೋರಿಸಿದೆ. ಈ ವೈರಸ್‌ಗೆ ಹೊರಗಡೆ ಕೊಬ್ಬಿನ ಪದರ ಇಲ್ಲ, ಕೊರೋನಾಗೆ ಇತ್ತು, ಅದಕ್ಕೇ ಅದು ಸ್ಯಾನಿಟೈಸರ್‌ಗೆ ಬೇಗ ಸಾಯ್ತಿತ್ತು, ಇದು ಹಂಗೆ ಸಾಯಲ್ಲ ಅಂದ್ರು. ಅದರ ಮೇಲೆ ಕೊಳೆ ತೊಳೀದೆ ಹೊಡೆದ್ರೆ ಯಾವ ಕೆಮಿಕಲ್ಲೂ ನೆಟ್ಟಗೆ ಕೆಲಸ ಮಾಡಲ್ಲ. ಮನೆ ಒಳಗೆ ಸ್ಪ್ರೇ, ಫಾಗಿಂಗ್ ಮಾಡೋದು ಬೇಡ ಅಂತ ಡಬ್ಲ್ಯುಎಚ್‌ಒ 2020ರಲ್ಲಿ, ಕೊರೋನಾ ಟೈಮಲ್ಲೇ ಹೇಳಿತ್ತು. ಅದನ್ನೇ ಇವತ್ತಿಗೂ ಮಾರ್ತಾ ಇದಾರೆ.

ಫೋನ್ ಮಾಡಿದೆ. ಅವರ ಉತ್ತರ ಕೇಳಿ. "ಪ್ರೊಸೀಜರ್ ಪ್ರಕಾರ ಮಾಡಿದೀವಿ ಮೇಡಂ." ಬಣ್ಣ ಬಿಟ್ಟಿದೆ ಅಂದೆ. "ಅದು ಟಾಯ್ ಕ್ವಾಲಿಟಿ ಪ್ರಾಬ್ಲಂ ಮೇಡಂ, ಲೋಕಲ್ ಟಾಯ್ ತಗೋಬಾರ್ದು." ಚನ್ನಪಟ್ಟಣದ ಆಟಿಕೆ ಲೋಕಲ್ಲಂತೆ!! ತೊಳೀದೆ ಯಾಕೆ ಹೊಡೆದ್ರಿ ಅಂದೆ. "ವಾಷಿಂಗ್ ನಮ್ಮ ಸ್ಕೋಪಲ್ಲಿ ಇಲ್ಲ." ಈ ವೈರಸ್‌ಗೆ ಇದು ಕೆಲಸ ಮಾಡುತ್ತೆ ಅಂತ ಬರೆದುಕೊಡಿ ಅಂದೆ. "ಸರ್ಟಿಫಿಕೇಟ್ ಕೊಟ್ಟಿದೀವಲ್ಲ ಮೇಡಂ." ಸರ್ಟಿಫಿಕೇಟಲ್ಲಿ ವೈರಸ್ ಹೆಸರೇ ಇಲ್ಲ, ಕೆಮಿಕಲ್ ಹೆಸರೂ ಇಲ್ಲ, ನಮ್ಮ ಮನೆಯವರ ಹೆಸರು, ಒಂದು ಸೀಲು ಅಷ್ಟೇ. ಚಿಕ್ಕವಳಿಗೂ ಗುಳ್ಳೆ ಎದ್ದಾಗ ಮತ್ತೆ ಮಾಡಿದೆ, "ನಿಮ್ಮ ಪಾಪುಗೆ ಇಮ್ಯೂನಿಟಿ ಕಮ್ಮಿ ಇರಬೇಕು ಮೇಡಂ" ಅಂದ. ತಾಯಿಗೆ ಹೇಳೋ ಮಾತಾ ಇದು? ಆಮೇಲೆ ಬ್ಲಾಕ್.

ಅವಳಿಗೆ ಆಟಿಕೆಯಿಂದಲೇ ಬಂತು ಅಂತ ನಾನು ಹೇಳ್ತಿಲ್ಲ. ಅಣ್ಣನಿಂದ ಮೊದಲೇ ತಗುಲಿರಬಹುದು, ಗುಳ್ಳೆ ಕಾಣೋಕೆ ಸಾಮಾನ್ಯವಾಗಿ 3ರಿಂದ 6 ದಿನ ಬೇಕು ಅಂದ್ರು ಡಾಕ್ಟ್ರು. ಆದ್ರೆ ವೈರಸ್ ಫ್ರೀ ಅಂತ ಮಾತು ಕೊಟ್ಟು ದುಡ್ಡು ತಗೊಂಡ್ರಲ್ಲ, ಆ ಧೈರ್ಯದ ಮೇಲೇ ತಾನೇ ಬುಟ್ಟಿ ಮತ್ತೆ ಅವಳ ಮುಂದೆ ಇಟ್ಟಿದ್ದು. ಹೊಟ್ಟೆ ಉರಿಯೋದು ಅದಕ್ಕೆ. ನಮ್ಮತ್ತೆ ಒಂದು ಮಾತೂ ಬೈಲಿಲ್ಲ, ಸುಮ್ನೆ ಆ ಗಿಲಕಿ ಎತ್ತಿ ಒಳಗಿಟ್ರು, ಅವರ ಮುಖ ನೋಡೋಕೇ ನಾಚಿಕೆ ಆಯ್ತು.

ಡಾಕ್ಟ್ರು ಹೇಳಿದ ಮೇಲೆ ನಾವೇ ಮಾಡಿದ್ದು ಇಷ್ಟು. ಪ್ಲಾಸ್ಟಿಕ್ ಆಟಿಕೆ ಮೊದಲು ಸೋಪು ನೀರಲ್ಲಿ ಹಳೇ ಟೂತ್‌ಬ್ರಶ್ ಹಾಕಿ ಉಜ್ಜಬೇಕು. ಆಮೇಲೆ ಬ್ಲೀಚ್ ನೀರು: ಬಾಟಲಿ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 5% ಅಂತಿದ್ರೆ ಒಂದು ಲೀಟರ್ ನೀರಿಗೆ 20 ಎಂಎಲ್, ಅಂದ್ರೆ ಸುಮಾರು 1000 ಪಿಪಿಎಂ. ಹತ್ತು ನಿಮಿಷ ಮುಳುಗಿಸಿಟ್ಟು, ಒಳ್ಳೆ ನೀರಲ್ಲಿ ಚೆನ್ನಾಗಿ ಜಾಲಿಸಿ ಒಣಗಿಸೋದು. ದಿನಾ ಹೊಸದಾಗಿ ಕಲಸ್ಕೊಳ್ಳಿ, ಇಟ್ರೆ ಶಕ್ತಿ ಹೋಗುತ್ತೆ. ಕಿಟಕಿ ತೆಗೆದಿರಲಿ, ಮಕ್ಕಳು ಹತ್ತಿರ ಬರಬಾರದು, ಟಾಯ್ಲೆಟ್ ಕ್ಲೀನರ್ ಆಸಿಡ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಬಟ್ಟೆ ಗೊಂಬೆ ಮೆಷಿನ್‌ಗೆ, 60 ಡಿಗ್ರಿ ಬಿಸಿ ನೀರು. ಅರಗಿನ ಮರದ ಆಟಿಕೆಗೆ ಬ್ಲೀಚೂ ಬೇಡ ಸ್ಪಿರಿಟ್ಟೂ ಬೇಡ, ಸೋಪು ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ, ಕಾಯಿಲೆ ಪೂರ್ತಿ ಹೋಗೋವರೆಗೂ ಎತ್ತಿಡಿ. ಗುಳ್ಳೆ ಒಣಗಿದ ಮೇಲೂ ಮಲದಲ್ಲಿ ವಾರಗಟ್ಟಲೆ ವೈರಸ್ ಬರ್ತಿರುತ್ತೆ, ಡಯಾಪರ್ ಬದಲಾಯಿಸಿದ ಮೇಲೆ ಸೋಪಲ್ಲೇ ಕೈ ತೊಳೀರಿ, ಸ್ಯಾನಿಟೈಸರ್ ನಂಬ್ಕೊಂಡು ಕೂರಬೇಡಿ.

ಆದ್ರೂ ಯಾರನ್ನಾದ್ರೂ ಕರೆಸ್ತೀರಾ, ಕೆಮಿಕಲ್ ಹೆಸರು ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಅಡ್ವಾನ್ಸ್ ಒಂದು ರೂಪಾಯಿನೂ ಹಾಕಬೇಡಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ, ಪೇಮೆಂಟ್ ಸ್ಕ್ರೀನ್‌ಶಾಟು, ಆ ಫೋಟೋ, ಚಾಟು ಎಲ್ಲಾ ಹಾಕಿದೀನಿ. ನಿಮಗೂ ಇವರು ಹಿಂಗೇ ಮಾಡಿದ್ರೆ ಚಾಟ್ ಡಿಲೀಟ್ ಮಾಡಬೇಡಿ, ನೀವೂ ದೂರು ಕೊಡಿ.