ಗುಂಯ್‌ಗುಡುವ ಪವರ್ ಸ್ಟಿಯರಿಂಗಿಗೆ ನಾಲ್ಕು ಚಿಕಿತ್ಸೆ: ಪುಣೆಯಲ್ಲಿ ಮಾಡಿ ನೋಡಿದ ಹೋಲಿಕೆ

ನಮ್ಮ ಮನೆಯ 2002ರ ಪೆಟ್ರೋಲ್ ಸೆಡಾನ್ ಒಂದು ಡಿಸೆಂಬರಿನ ಚಳಿಯಲ್ಲಿ ಗುಂಯ್‌ಗುಡಲು ಆರಂಭಿಸಿತು. ಸಿಂಹಗಡ ರಸ್ತೆಯ ನಮ್ಮ ಸೊಸೈಟಿಯ ಪಾರ್ಕಿಂಗಿನಿಂದ ಬೆಳಿಗ್ಗೆ ಅದನ್ನು ಹೊರಳಿಸಿ ತೆಗೆಯುವಾಗ ಎರಡನೆಯ ಮಹಡಿಯವರಿಗೂ ನಾನು ಹೊರಟದ್ದು ತಿಳಿಯುತ್ತಿತ್ತು. ಮುಂದಿನ ಆರು ತಿಂಗಳಲ್ಲಿ ಒಂದೇ ಕಾರಿನ ಒಂದೇ ಸದ್ದಿಗೆ ನಾಲ್ಕು ಚಿಕಿತ್ಸೆಗಳನ್ನು ಮಾಡಿಸಿದ್ದರಿಂದ ಅವುಗಳ ಹೋಲಿಕೆ ತಾನಾಗಿಯೇ ನಡೆದುಹೋಯಿತು.

ಹೈಡ್ರಾಲಿಕ್ ಸ್ಟಿಯರಿಂಗಿನಲ್ಲಿ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪೊಂದು ಎಣ್ಣೆಯನ್ನು ಒತ್ತಡದಲ್ಲಿ ತಳ್ಳಿ ಸ್ಟಿಯರಿಂಗನ್ನು ಹಗುರ ಮಾಡುತ್ತದೆ. ಅದರ ಸದ್ದುಗಳೆಲ್ಲ ಒಂದೇ ಅಲ್ಲ. ಸ್ಟಿಯರಿಂಗ್ ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಹಿಡಿದಾಗ ಕೇಳುವ ‘ಸುಸ್’ ಎಂಬ ಸದ್ದು ಪಂಪಿನ ಒತ್ತಡ ಇಳಿಸುವ ಕವಾಟದ್ದು. ಅದು ಸಹಜವಾದರೂ ಹಾಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದಿಟ್ಟರೆ ಎಣ್ಣೆ ಕಾಯುತ್ತದೆ. ತಿರುಗಿಸುವಾಗ ಕೀಚಲು ದನಿ ಬಂದು ನಿಂತರೆ ಬೆಲ್ಟು ಜಾರುತ್ತಿದೆ ಎಂದು ತಿಳಿಯಬೇಕು. ಎಂಜಿನ್ ವೇಗ ಏರಿದಂತೆ ಏರಿ, ಸ್ಟಿಯರಿಂಗ್ ತಿರುಗಿಸಿದಾಗ ಗಟ್ಟಿಯಾಗುವ ಗುಂಯ್ ಸದ್ದು ಮಾತ್ರ ಪಂಪಿನ ಒಳಗಿನದು. ನಮ್ಮ ಕಾರಿನಲ್ಲಿ ಕೊನೆಯ ಎರಡೂ ಬೆರೆತಿದ್ದವು. ಬೆಲ್ಟು ಬದಲಿಸಿ ಬಿಗಿ ಮಾಡಿಸಿದ ಮೇಲೆ ಕೀಚಲು ನಿಂತು ಗುಂಯ್ ಉಳಿಯಿತು. ಆ ಖರ್ಚು ಹೇಗಿದ್ದರೂ ಬರುವುದೇ ಇದ್ದುದರಿಂದ ಅದನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲು ಮಾಡಿದ್ದು ಎಲ್ಲಕ್ಕಿಂತ ಸುಲಭವಾದದ್ದು. ಪಂಪಿಗೆ ಎಣ್ಣೆ ಕೊಡುವ ಡಬ್ಬಿಯಲ್ಲಿ ಇಳಿದಿದ್ದ ಎಣ್ಣೆಯನ್ನು ಗುರುತಿನವರೆಗೆ ತುಂಬಿ, ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಬಾಟಲಿಯ ದ್ರವವನ್ನೂ ಸುರಿದೆ. ಆ ದ್ರವ ಗಟ್ಟಿಯಾದ ರಬ್ಬರ್ ಸೀಲುಗಳನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಹನ್ನೊಂದು ದಿನ ಸದ್ದು ತಗ್ಗಿತ್ತು, ಹನ್ನೆರಡನೆಯ ದಿನ ಮರಳಿತು. ರೋಗದ ಹೆಸರು ತಿಳಿಯುವ ಮುನ್ನ ಬಾಟಲಿ ಸುರಿಯುವುದು ಲಕ್ಷಣವನ್ನು ಮುಚ್ಚಿ ಹುಡುಕಾಟವನ್ನು ತಡಮಾಡುತ್ತದೆ ಎಂಬುದು ನನ್ನ ಅನುಭವ.

ಎರಡನೆಯದು ಎಣ್ಣೆಯನ್ನೇ ಬದಲಿಸುವುದು. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್) ತುಂಬಿದ್ದರು. ಟೊಯೋಟಾದ ಅನೇಕ ಹಳೆಯ ಮಾದರಿಗಳಿಗೆ ಡೆಕ್ಸ್‌ರಾನ್ ಬಗೆಯ ಎಟಿಎಫ್ ಸರಿಯಾದದ್ದೇ; ಹೋಂಡಾ ತನ್ನ ಬೇರೆಯ ಎಣ್ಣೆಯನ್ನೇ ಹಾಕಬೇಕೆನ್ನುತ್ತದೆ. ಆದ್ದರಿಂದ ಮುಚ್ಚಳದ ಮೇಲೆ ಏನು ಬರೆದಿದೆಯೆಂದು ಓದದೆ ತುಂಬಬಾರದು. ನಾನು ದೊಡ್ಡ ಸಿರಿಂಜಿನಿಂದ ಡಬ್ಬಿಯ ಎಣ್ಣೆ ಎಳೆದು, ಹೇಳಿದ ಎಣ್ಣೆಯನ್ನೇ ತುಂಬಿ, ಎಂಜಿನ್ ನಡೆಸಿ ಚಕ್ರವನ್ನು ಎಡಬಲ ತಿರುಗಿಸಿ, ಮತ್ತೆ ಎಳೆದು, ಹೀಗೆ ನಾಲ್ಕು ದಿನ ಮಾಡುವಷ್ಟರಲ್ಲಿ ಒಂದು ಲೀಟರ್ ಮುಗಿಯಿತು. ಸ್ಟಿಯರಿಂಗ್ ಹಗುರವಾಯಿತು, ಚಳಿಯಲ್ಲಿನ ಸದ್ದು ಅರ್ಧಕ್ಕಿಳಿಯಿತು. ಗುಣವಾಗಲಿಲ್ಲ, ಆದರೂ ಈ ಕೆಲಸ ದಂಡವಾಗಲಿಲ್ಲ.

ಮೂರನೆಯದು ದುಬಾರಿ. ‘ಪಂಪು ಹೋಗಿದೆ’ ಎಂದು ಇಬ್ಬರು ಹೇಳಿದ ಮೇಲೆ ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ, ಬಿಚ್ಚಿದ ಕಾರಿನ ಒಂದು ಹಳೆಯ ಪಂಪನ್ನು 3,800 ರೂಪಾಯಿಗೆ ತಂದು ಕೂರಿಸಿದೆ. ಎರಡು ದಿನಗಳಲ್ಲಿ ಅದೂ ಅದೇ ರಾಗ ಹಾಡಿತು. ಕೆಟ್ಟ ಪಂಪು ಕೊಟ್ಟರೆಂದು ಅಂಗಡಿಯವರನ್ನು ಮನಸ್ಸಿನಲ್ಲೇ ಬೈದುಕೊಂಡೆ, ಅದು ಅನ್ಯಾಯವಾಗಿತ್ತು.

ನಿಜ ಗೊತ್ತಾದದ್ದು ಪಿಂಪರಿಯ ಹತ್ತಿರದ ಒಂದು ಸಣ್ಣ ಗ್ಯಾರೇಜಿನಲ್ಲಿ. ವಿಜಯಪುರದ ಕಡೆಯ ಮೆಕ್ಯಾನಿಕ್ ಸದ್ದು ಕೇಳುವ ಮೊದಲೇ ಡಬ್ಬಿಯ ಮುಚ್ಚಳ ತೆಗೆದು, “ಪಂಪ್ ಕೆಟ್ಟಿಲ್ರೀ ಸರ್, ಗಾಳಿ ಎಳ್ಕೊಳ್ಳಾಕತ್ತೈತಿ. ಎಣ್ಣಿ ನೋಡ್ರಿ, ಹಾಲಿನಂಗ ಆಗೈತಿ” ಎಂದರು. ಪಂಪಿನ ಒಳಗೆ ತಿರುಗುವ ರೋಟರಿನ ಸೀಳುಗಳಲ್ಲಿ ಪುಟ್ಟ ಪಟ್ಟಿಗಳಿದ್ದು, ಅವು ಹೊರಕ್ಕೆ ಸರಿದು ಅಂಡಾಕಾರದ ಗೋಡೆಗೆ ಒತ್ತಿಕೊಂಡು ಎಣ್ಣೆಯನ್ನು ತಳ್ಳುತ್ತವೆ. ಎಣ್ಣೆಯ ಜೊತೆ ಗಾಳಿಯ ಗುಳ್ಳೆಗಳು ಬಂದರೆ ಆ ಗುಳ್ಳೆಗಳು ಒತ್ತಡದಲ್ಲಿ ಕುಸಿದು ಗುಂಯ್‌ಗುಡುತ್ತವೆ. ನನ್ನನ್ನು ಆರು ತಿಂಗಳು ದಾರಿ ತಪ್ಪಿಸಿದ ಸಂಗತಿಯೆಂದರೆ ನೆಲದ ಮೇಲೆ ಒಂದು ಹನಿ ಎಣ್ಣೆಯೂ ಬೀಳದಿದ್ದದ್ದು. ಒತ್ತಡದ ಪೈಪು ಒಡೆದರೆ ಎಣ್ಣೆ ಚಿಮ್ಮುತ್ತದೆ, ಆದರೆ ಡಬ್ಬಿಯಿಂದ ಪಂಪಿಗೆ ಬರುವ ಹೀರುವ ಕಡೆಯಲ್ಲಿ ಸಂದು ಬಿದ್ದರೆ ಎಣ್ಣೆ ಹೊರಗೆ ಹೋಗುವ ಬದಲು ಗಾಳಿ ಒಳಗೆ ಬರುತ್ತದೆ. ಹಾಗಾಗಿ ಸೋರಿಕೆ ಕಾಣದಿರುವುದು ನಿರ್ದೋಷದ ಸಾಕ್ಷಿಯಲ್ಲ.

ಹೀರುವ ಪೈಪು ಸೇರುವ ಪಂಪಿನ ಬಾಯಿಯ ಓ-ರಿಂಗು, ಅಂದರೆ ಸಂದು ಮುಚ್ಚುವ ರಬ್ಬರ್ ಉಂಗುರ, ಬಿಸಿಗೆ ಬಳೆಯಷ್ಟು ಗಟ್ಟಿಯಾಗಿತ್ತು. ಅದನ್ನು ಬದಲಿಸಿದ್ದೇ ನಾಲ್ಕನೆಯ ಚಿಕಿತ್ಸೆ. ಹೊಸದಕ್ಕೆ 40 ರೂಪಾಯಿ ಬಿತ್ತು. ನಲ್ಲಿಗೆ ಹಾಕುವ ರಬ್ಬರಿನದು ಎಣ್ಣೆಯಲ್ಲಿ ಉಬ್ಬಿ ಹಾಳಾಗಬಹುದಾದ್ದರಿಂದ, ಎಣ್ಣೆ ಮತ್ತು ಬಿಸಿ ತಾಳುವಂಥದನ್ನು ಹಳೆಯದರ ಅಳತೆಗೇ ಕೇಳಿ ತರಬೇಕು. ಸಡಿಲವಾಗಿದ್ದ ಹೀರುವ ಪೈಪನ್ನೂ ಅದರ ಕ್ಲ್ಯಾಂಪುಗಳನ್ನೂ ಅವರು ಬದಲಿಸಿದರು. ಬಳಿಕ ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಎಂಜಿನ್ ಹಚ್ಚದೆಯೇ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಿ ಗಾಳಿ ತೆಗೆದರು. ಕೆಲವರು ಈ ಹಂತ ಬಿಟ್ಟು ನೇರ ಎಂಜಿನ್ ಹಚ್ಚುತ್ತಾರೆ. ಆಗ ಒಳಗಿನ ಗಾಳಿ ಎಣ್ಣೆಯಲ್ಲಿ ಕಲಸಿ ನೊರೆಯಾಗುತ್ತದೆ, ಅದು ಇಳಿಯಲು ಗಂಟೆಗಟ್ಟಲೆ ಕಾಯಬೇಕು. ಸದ್ದು ಅಂದೇ ನಿಂತಿತು.

ಇಲ್ಲಿಗೆ ಬಿಡಬಹುದಿತ್ತು, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮುಂದಿನ ತಿಂಗಳು ಮತ್ತೆ ಕೂಲಿ ಕೊಟ್ಟು, ‘ಹೋಗಿದೆ’ ಎಂದು ಕಿತ್ತಿಟ್ಟಿದ್ದ ಮೂಲ ಪಂಪಿಗೂ ಹೊಸ ಓ-ರಿಂಗು ಹಾಕಿಸಿ ಅದನ್ನೇ ವಾಪಸು ಕೂರಿಸಿದೆ. ಕಿತ್ತಿದ್ದನ್ನು ಮತ್ತೆ ಹಾಕಿಸುವ ಗಿರಾಕಿಯನ್ನು ಮೆಕ್ಯಾನಿಕ್ ಮೊದಲ ಸಲ ನೋಡಿದ್ದಂತೆ. ಅದೇ ಪಂಪಿನ ಮೇಲೆ ಧಾರವಾಡಕ್ಕೆ ಮೂರು ಸಲ ಹೋಗಿ ಬಂದಿದ್ದೇನೆ. ಖಂಬಾಟ್ಕಿ ಘಾಟಿನ ತಿರುವುಗಳಲ್ಲೂ ಅದು ಸದ್ದೆತ್ತಿಲ್ಲ. ಡಿಸೆಂಬರಿನ ಬೆಳಿಗ್ಗೆ ಎಣ್ಣೆ ಮಂದವಾಗಿರುವ ಮೊದಲ ಅರ್ಧ ನಿಮಿಷ ತುಸು ಗೊಣಗುತ್ತದೆ, ಅದಕ್ಕೆ ನಾನು ಏನನ್ನೂ ಮಾಡಿಸುವುದಿಲ್ಲ. 3,800 ರೂಪಾಯಿಯ ಪಂಪು ಪ್ಲಾಸ್ಟಿಕ್ ಚೀಲದಲ್ಲಿ ಅಟ್ಟದ ಮೇಲಿದೆ.